ಓರೆಕೋರೆ ಹಳೇ ಮನೆಯ ರಿಪೇರಿ: ವಯಸ್ಸಾದ ಮೇಲೆ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೈ ಬಿಡಬೇಕು

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಮನೆ ಹಳೆಯದು, ಒಂದು ಮೂಲೆಯೂ ನೆಟ್ಟಗಿಲ್ಲ. ನನಗೂ ಅರವತ್ತು ದಾಟಿದೆ. ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳಬಹುದಾ, ಇಲ್ಲ ಎಲ್ಲದಕ್ಕೂ ಜನ ಕರೆಯಬೇಕಾ?" ಇನ್ನು ಕೆಲವರ ಗೋಳು ಬೇರೆ. "ಮಟ್ಟ ಇಟ್ಟು ನೋಡಿಯೇ ಹಲಗೆ ಕೂರಿಸಿದೆ, ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು. ದೂರ ನಿಂತು ನೋಡಿದರೆ ಮಾತ್ರ ಸೊಟ್ಟ ಕಾಣುತ್ತದೆ. ಯಾಕೆ?"

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಹಳೇ ಮನೆಯನ್ನು ನೆಟ್ಟಗೆ ಮಾಡಲು ಹೊರಡಬೇಡಿ. ಪ್ರತಿ ಕೆಲಸಕ್ಕೂ ಮೊದಲು, ಇದು ಮಟ್ಟಕ್ಕೇ ಇರಬೇಕಾ ಅಥವಾ ಮನೆಯ ಓರೆಗೆ ಹೊಂದಿಕೊಂಡರೆ ಸಾಕಾ ಎಂದು ತೀರ್ಮಾನಿಸಿ. ಬಹಳಷ್ಟು ಕೆಲಸದಲ್ಲಿ ಹೊಂದಿಕೊಂಡರೆ ಸಾಕು. ಅಲ್ಲಿಗೆ ಒಡೆಯುವುದು, ಎತ್ತುವುದು, ಮತ್ತೆ ಕಟ್ಟುವುದು ಎಲ್ಲ ತಪ್ಪುತ್ತದೆ. ಸೊಂಟ, ಮಂಡಿ ನೋಯುವ ವಯಸ್ಸಿನಲ್ಲಿ ಅದು ಸಣ್ಣ ಲಾಭ ಅಲ್ಲ.

ಮೂರು ಪದ ಮೊದಲೇ ತಿಳಿದಿರಲಿ. ಅಡ್ಡಕ್ಕೆ ಸಮ ಇದ್ದರೆ ಅದು ಮಟ್ಟ. ಮೇಲಿಂದ ಕೆಳಗೆ ನೇರ ಇದ್ದರೆ ಅದು ತೂಕ. ಎರಡು ಬದಿ ಸೇರುವ ಕಡೆ ಸರಿಯಾಗಿ 90 ಡಿಗ್ರಿ ಇದ್ದರೆ ಅದು ಮೂಲೆಮಟ್ಟ. ಹಳೇ ಮನೆಯಲ್ಲಿ ಈ ಮೂರೂ ಒಂದೇ ಕಡೆ ಸಿಗುವುದು ಅಪರೂಪ. ಅಡಿಪಾಯ ಅಲ್ಲಲ್ಲಿ ಕೂತಿರುತ್ತದೆ, ಮರದ ತೊಲೆ ಭಾರಕ್ಕೆ ಬಾಗಿರುತ್ತದೆ, ಗೋಡೆಯನ್ನು ಕಟ್ಟುವಾಗಲೇ ಕಣ್ಣಳತೆಯಲ್ಲಿ ಕಟ್ಟಿರುತ್ತಾರೆ.

ಏನೇನು ಬೇಕು

ದೊಡ್ಡ ಪಟ್ಟಿ ಬೇಡ. ಟೇಪು, ಎರಡು ಅಡಿಯ ರಸಮಟ್ಟ, ತೂಕದ ಗುಂಡು (ದಾರಕ್ಕೆ ಕಟ್ಟಿದ ಭಾರದ ಗುಂಡು), ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಕೈವಾರ, ಪೆನ್ಸಿಲ್, ದಪ್ಪ ರಟ್ಟು, ಒಂದಿಷ್ಟು ತೆಳು ಮರದ ಬೆಣೆಗಳು, ಬ್ಯಾಟರಿ ಡ್ರಿಲ್, ಉಜ್ಜುಗೊರಡು, ಉಪ್ಪುಕಾಗದ. ಜೊತೆಗೆ ಕಣ್ಣಿಗೆ ಕನ್ನಡಕ, ಕೈಗವಸು, ಧೂಳಿನ ಮಾಸ್ಕ್, ಮಂಡಿಯ ಕೆಳಗೆ ಹಾಕಿಕೊಳ್ಳಲು ದಪ್ಪ ಮೆತ್ತೆ.

ಡ್ರಿಲ್ ಕೊಳ್ಳುವಾಗ ಶಕ್ತಿ ನೋಡಿ ಮರುಳಾಗಬೇಡಿ. 12 ವೋಲ್ಟಿನದು 18 ವೋಲ್ಟಿನದಕ್ಕಿಂತ ಹಗುರ, ಮನೆಯ ಸಾಮಾನ್ಯ ಕೆಲಸಕ್ಕೆ ಸಾಕು. ಅಂಗಡಿಯಲ್ಲೇ ಕೈ ಚಾಚಿ, ಭುಜದ ಎತ್ತರಕ್ಕೆ ಒಂದು ನಿಮಿಷ ಹಿಡಿದು ನೋಡಿ. ತೋಳು ನಡುಗಿದರೆ ಅದು ನಿಮಗೆ ಬೇಡ.

ರಸಮಟ್ಟವನ್ನೂ ಸುಮ್ನೆ ನಂಬಬೇಡಿ. ಒಂದು ಕಡೆ ಇಟ್ಟು ಗುಳ್ಳೆ ಎಲ್ಲಿದೆ ನೋಡಿ. ಅದೇ ಜಾಗದಲ್ಲಿ ಎಡ ಬಲ ತಿರುಗಿಸಿ ಇಡಿ. ಗುಳ್ಳೆ ಎರಡೂ ಸಲ ಒಂದೇ ಬದಿಗೆ, ಅಷ್ಟೇ ದೂರ ನಿಂತರೆ ಮಟ್ಟ ಸರಿ ಇದೆ. ಬೇರೆ ಬೇರೆ ತೋರಿಸಿದರೆ ಮಟ್ಟವೇ ಸೊಟ್ಟ.

1. ಮನೆ ನಿಂತಿದೆಯಾ, ಇನ್ನೂ ಸರಿಯುತ್ತಿದೆಯಾ?

ಓರೆಯಾಗಿರುವುದು ಬೇರೆ, ಓರೆಯಾಗುತ್ತಲೇ ಇರುವುದು ಬೇರೆ. ಎಂದೋ ಕೂತು ಈಗ ಸುಮ್ಮನಿರುವ ಮನೆಯ ಜೊತೆ ಬಾಳಬಹುದು. ಇನ್ನೂ ಸರಿಯುತ್ತಿರುವ ಮನೆಗೆ ಪುಟ್ಟಿ ಹಚ್ಚಿ ಪ್ರಯೋಜನ ಇಲ್ಲ.

ಬಿರುಕನ್ನು ಹತ್ತಿರದಿಂದ ನೋಡಿ. ಅಂಚು ಮೊಂಡಾಗಿ, ಒಳಗೆ ಧೂಳು, ಹಳೇ ಬಣ್ಣ ತುಂಬಿದ್ದರೆ ಅದು ಹಳೆಯ ಬಿರುಕು. ಅಂಚು ಚೂಪಾಗಿ, ಒಳಗೆ ಹೊಸದಾಗಿ ಒಡೆದ ಬಣ್ಣ ಕಂಡರೆ ಇತ್ತೀಚಿನದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ನಡುವೆ, ಬಿರುಕಿನ ಆಚೆ ಈಚೆ ಒಂದೊಂದು ಚುಕ್ಕಿ ಇಟ್ಟು ಅವುಗಳ ದೂರ ಅಳೆದಿಡಿ. ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಒಂದು ವರ್ಷ ನೋಡಬೇಕು, ಏಕೆಂದರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬಿರುಕೂ ಅದರ ಜೊತೆ ತುಸು ಮುಚ್ಚಿ ತೆರೆಯುತ್ತದೆ.

ಒಂದು ಮಿಲಿಮೀಟರಿನೊಳಗಿನ ಕೂದಲೆಳೆ ಬಿರುಕಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಈ ಲಕ್ಷಣ ಕಂಡರೆ ಮಾತ್ರ ಉಳಿದದ್ದೆಲ್ಲ ಬಿಟ್ಟು ಇಂಜಿನಿಯರನ್ನು ಕರೆಸಿ:

- ಬಿರುಕು 5 ಮಿಲಿಮೀಟರ್ ದಾಟಿದೆ, ಅಥವಾ ಒಂದು ತುದಿ ಸಣ್ಣ ಇದ್ದು ಇನ್ನೊಂದು ತುದಿ ಅಗಲವಾಗುತ್ತಾ ಹೋಗಿದೆ
- ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಮುಂದೆ ಬಂದಿದೆ
- ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಕೊಂಡು ಹೋಗುತ್ತಿದೆ, ಅಗಲವೂ ಹೆಚ್ಚುತ್ತಿದೆ
- ಗೋಡೆ ಹೊಟ್ಟೆ ಬಿಟ್ಟಿದೆ
- ಇಷ್ಟು ವರ್ಷ ಸಲೀಸಾಗಿದ್ದ ಹಲವು ಬಾಗಿಲುಗಳು ಒಮ್ಮೆಗೇ ಹಿಡಿಯತೊಡಗಿವೆ

2. ನೀರು ಮೊದಲು, ಬಣ್ಣ ಕೊನೆಗೆ

ಸೋರುವ ಸೂರು, ಕಟ್ಟಿದ ಚರಂಡಿ, ಗೋಡೆಯ ಬುಡದಲ್ಲಿ ನಿಲ್ಲುವ ನೀರು: ಇವು ಸರಿಯಾಗದೆ ಒಳಗೆ ಏನು ಮಾಡಿದರೂ ದಂಡ.

ಗೋಡೆಯ ತೇವ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಸುಲಭ ದಾರಿ ಇದೆ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪು ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯ ತೇವ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿದೆ. ಅದಕ್ಕೆ ಕಿಟಕಿ ತೆರೆದು ಗಾಳಿ ಆಡಿಸುವುದೇ ಮೊದಲ ಮದ್ದು.

ಸೋರಿಕೆ ನಿಲ್ಲಿಸಿದ ಮರುದಿನವೇ ಬಣ್ಣದ ಡಬ್ಬಿ ತೆರೆಯಬೇಡಿ. ಗೋಡೆಯ ದಪ್ಪ ಒಂದು ಇಂಚಿದ್ದರೆ ಒಣಗಲು ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು. ಒಂದು ಅಡಿ ದಪ್ಪದ ಗೋಡೆ ಅಂದರೆ ಒಂದು ವರ್ಷ ಆಯ್ತಲ್ವಾ? ಅವಸರ ಮಾಡಿದರೆ ಹೊಸ ಬಣ್ಣ ಹಪ್ಪಳ ಏಳುತ್ತದೆ.

3. ನಿಮ್ಮ ಮೈಯ ಲೆಕ್ಕವನ್ನೂ ಹಾಕಿ

ಇದನ್ನು ಓದದೆ ಮುಂದಿನ ಹಂತಕ್ಕೆ ಹಾರುವವರೇ ಜಾಸ್ತಿ. ದಯವಿಟ್ಟು ಹಾರಬೇಡಿ. ಏಣಿಯಿಂದ ಬಿದ್ದು ಆಸ್ಪತ್ರೆ ಸೇರುವವರಲ್ಲಿ ಅನುಭವಸ್ಥರೇ ಬಹಳ. ನಲವತ್ತು ವರ್ಷ ಹತ್ತಿದ ಏಣಿ ತಾನೇ ಎಂಬ ಧೈರ್ಯ ಅವರದು.

ಕಣ್ಣು: ಅರವತ್ತರ ಕಣ್ಣಿನೊಳಕ್ಕೆ ಇಪ್ಪತ್ತರ ಕಣ್ಣಿಗಿಂತ ತುಂಬಾ ಕಡಿಮೆ ಬೆಳಕು ಹೋಗುತ್ತದೆ, ಸುಮಾರು ಮೂರನೇ ಒಂದು ಪಾಲು. ಹಾಗಾಗಿ ಕೋಣೆಯ ದೀಪ ಸಾಲದು. ಕೆಲಸದ ಜಾಗಕ್ಕೇ ಬೀಳುವ ಇನ್ನೊಂದು ದೀಪ ಇಡಿ. ಹತ್ತಿರಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವವರಿಗೆ ಕೆಳಗೆ ನೋಡಿದಾಗ ಮೆಟ್ಟಿಲು ಮಸುಕಾಗುತ್ತದೆ, ಕಾಲು ತಪ್ಪುತ್ತದೆ. ಏಣಿ ಹತ್ತುವಾಗ ದೂರದ ನೋಟಕ್ಕೆ ಮಾತ್ರ ಇರುವ ಕನ್ನಡಕ ಹಾಕಿ.

ಔಷಧಿ: ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಕೂತಲ್ಲಿಂದ ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಎದ್ದು, ಏನನ್ನಾದರೂ ಹಿಡಿದು ನಿಂತು, ಆಮೇಲೆ ಹೆಜ್ಜೆ ಇಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಸಣ್ಣ ಗಾಯವೂ ಬೇಗ ನಿಲ್ಲದು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗೆ ರಕ್ತ ಸೋರುವುದು ಗಂಟೆಗಳ ನಂತರ ಗೊತ್ತಾಗಬಹುದು.

ಏಣಿ: ಒರಗಿಸುವ ಏಣಿಯಾದರೆ 4 ಅಡಿ ಎತ್ತರಕ್ಕೆ 1 ಅಡಿ ಬುಡ ಹೊರಗಿರಬೇಕು. ಅಳೆಯುವ ರಗಳೆ ಬೇಡ ಅಂದರೆ ಹೀಗೆ ಮಾಡಿ: ಏಣಿಯ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಮುಂದೆ ಚಾಚಿ. ಅಂಗೈ ಎದುರಿನ ಮೆಟ್ಟಿಲಿಗೆ ಸಿಕ್ಕರೆ ಓರೆ ಸರಿ ಇದೆ. ಹತ್ತಿದ ಮೇಲೆ ಹೊಟ್ಟೆ ಏಣಿಯ ಎರಡು ಕಾಲುಗಳ ನಡುವೆಯೇ ಇರಲಿ. ಇನ್ನೊಂದು ಗೇಣು ಎಟುಕಿದರೆ ಮುಗೀತು ಅನ್ನಿಸಿದಾಗಲೇ ಬೀಳುವುದು. ಇಳಿದು ಏಣಿ ಸರಿಸಿ. ಹಳೇ ಮನೆಯ ನೆಲ ಇಳಿಜಾರಾಗಿರುವುದರಿಂದ ಮಡಚುವ ಏಣಿಯ ನಾಲ್ಕೂ ಕಾಲು ಊರಿವೆಯಾ ಎಂದು ಅಲ್ಲಾಡಿಸಿ ನೋಡಿ. ಒಂದು ಕಾಲಿಗೆ ಇಟ್ಟಿಗೆ, ಪುಸ್ತಕ ಕೊಡುವ ಉಪಾಯ ಬೇಡ.

ಕತ್ತು ಮೇಲೆತ್ತಿ ಬಹಳ ಹೊತ್ತು ಮಾಡುವ ಕೆಲಸ ವಯಸ್ಸಾದವರಿಗೆ ತಲೆ ಸುತ್ತು ತರಬಹುದು. ಏಣಿಯ ಮೇಲೆ ನಿಂತು ಸೂರಿಗೆ ಬಣ್ಣ ಹೊಡೆಯುವ ಬದಲು ನೆಲದ ಮೇಲೆ ನಿಂತು ಉದ್ದ ಕೋಲಿನ ರೋಲರ್ ಬಳಸಿ.

ಉಳಿದದ್ದು ನಿಮಗೆ ಗೊತ್ತಿರುವುದೇ. ಬೆಳಿಗ್ಗೆ ಮೈ ಹಗುರ ಇದ್ದಾಗ ಮಾಡಿ. ಬಾಯಾರದಿದ್ದರೂ ನೀರು ಕುಡಿಯಿರಿ, ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ. ಫೋನು ಮೇಜಿನ ಮೇಲಲ್ಲ, ಜೇಬಿನಲ್ಲಿರಲಿ.

4. ಅಳತೆ: ಒಂದು ಕಡೆ ಅಳೆದು ನಂಬಬೇಡಿ

ಹಳೇ ಮನೆಯಲ್ಲಿ ಕಿಟಕಿಯ ಅಗಲ ಎಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಗಲ ಅಳೆಯಿರಿ. ಎತ್ತರವನ್ನೂ ಮೂರು ಕಡೆ. ಜಾಗದೊಳಗೆ ಕೂರಬೇಕಾದ ವಸ್ತುವಿಗೆ ಎಲ್ಲಕ್ಕಿಂತ ಚಿಕ್ಕ ಅಳತೆ ಹಿಡಿಯಿರಿ. ಜಾಗವನ್ನು ಮುಚ್ಚಬೇಕಾದ ವಸ್ತುವಿಗೆ ದೊಡ್ಡದನ್ನು ಹಿಡಿಯಿರಿ.

ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಅಳತೆ ತೆಗೆಯಿರಿ. ಎದುರುಬದುರು ಬದಿಗಳು ಸಮ ಇದ್ದು ಈ ಎರಡೂ ಸಮ ಬಂದರೆ ಚೌಕ ಸರಿ ಇದೆ. ಕೋಣೆಯ ಒಂದೇ ಮೂಲೆ ನೋಡಬೇಕಾದರೆ ಒಂದು ಗೋಡೆಯ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಮಾಡಿ. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಇದ್ದರೆ 90 ಡಿಗ್ರಿ. 5 ಅಡಿಗಿಂತ ಜಾಸ್ತಿ ಬಂದರೆ ಮೂಲೆ ಬಾಯಿ ತೆರೆದಿದೆ, ಕಡಿಮೆ ಬಂದರೆ ಮುಚ್ಚಿದೆ. ಸೆಂಟಿಮೀಟರಿನಲ್ಲಿ ಅಳೆಯುವವರು 60, 80, 100 ಹಿಡಿಯಿರಿ.

ಒಂದು ಕೋಣೆಯಿಂದ ಇನ್ನೊಂದಕ್ಕೆ ಮಟ್ಟ ಸಾಗಿಸಲು ನೀರು ತುಂಬಿದ ಪಾರದರ್ಶಕ ಪೈಪು ಈಗಲೂ ಒಳ್ಳೆಯ ಸಾಧನ. ಎರಡೂ ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪೈಪಿನೊಳಗೆ ಗಾಳಿಗುಳ್ಳೆ ಇರಬಾರದು, ಓದುವಾಗ ಎರಡೂ ಬಾಯಿಯಿಂದ ಬೆರಳು ತೆಗೆದಿರಬೇಕು. ಹಲವರು ತಪ್ಪುವುದು ಇಲ್ಲೇ.

ಇಕ್ಕಟ್ಟಿನ ಜಾಗಕ್ಕೆ ಟೇಪು ಹಿಡಿದು ಒದ್ದಾಡುವುದೇ ಬೇಡ. ಎರಡು ತೆಳು ಕೋಲುಗಳನ್ನು ಒಂದರ ಮೇಲೊಂದು ಇಟ್ಟು, ತುದಿಗಳು ಎರಡೂ ಗೋಡೆಗೆ ತಾಗುವವರೆಗೆ ಸರಿಸಿ, ನಡುವೆ ಟೇಪು ಸುತ್ತಿ ಹೊರಗೆ ತೆಗೆಯಿರಿ. ಅದೇ ಅಳತೆ. ಸಂಖ್ಯೆ ಓದುವುದೂ ಬೇಡ, ನೆನಪಿಡುವುದೂ ಬೇಡ. ಕಣ್ಣು ಮಂಜಾದವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ.

5. ಯಾವುದು ಮಟ್ಟಕ್ಕೆ, ಯಾವುದು ಮನೆಗೆ?

ನೀರು ಹರಿಯುವುದು, ಉರುಳುವುದು, ತಿರುಗುವುದು, ತೂಗುವುದು: ಇವು ನಿಜವಾದ ಮಟ್ಟಕ್ಕೋ ತೂಕಕ್ಕೋ ಇರಲೇಬೇಕು. ಒಲೆ, ಬಟ್ಟೆ ಒಗೆಯುವ ಯಂತ್ರ, ಬಾಗಿಲಿನ ಹಿಂಜುಗಳು, ಡ್ರಾಯರಿರುವ ಕಪಾಟು ಈ ಗುಂಪಿಗೆ ಸೇರಿದವು. ಬಚ್ಚಲಿನ ನೆಲಕ್ಕೆ ಬೇಕಾದದ್ದು ಸರಿಯಾದ ಇಳಿಜಾರು.

ಬರೀ ಕಣ್ಣಿಗೆ ಕಾಣುವುದು ಪಕ್ಕದ ಗೆರೆಯನ್ನು ಅನುಸರಿಸಬೇಕು. ಕಣ್ಣು ಮಟ್ಟ ನೋಡುವುದಿಲ್ಲ, ಎರಡು ಗೆರೆಗಳ ನಡುವಿನ ಸಂದು ನೋಡುತ್ತದೆ. ಶುರುವಿನಲ್ಲಿ ಹೇಳಿದ ಹಲಗೆ ಸೊಟ್ಟ ಕಂಡದ್ದು ಇದಕ್ಕೇ. ಹಲಗೆ ಮಟ್ಟಕ್ಕಿತ್ತು, ಮೇಲಿನ ಸೂರು ಓರೆಯಾಗಿತ್ತು, ನಡುವಿನ ಸಂದು ಒಂದು ತುದಿಯಲ್ಲಿ ಅಗಲ ಇನ್ನೊಂದು ತುದಿಯಲ್ಲಿ ಕಿರಿದು ಕಂಡಿತು. ಪರದೆಯ ಕಂಬಿ, ಫೋಟೊ ಚೌಕಟ್ಟು, ಅಲಂಕಾರದ ಪಟ್ಟಿ ಇವನ್ನೆಲ್ಲ ಹತ್ತಿರದ ಕಿಟಕಿಗೋ ಸೂರಿಗೋ ಸಮಾಂತರ ಮಾಡಿ.

ಎರಡರ ನಡುವೆ ಸಿಕ್ಕಿಕೊಳ್ಳುವುದೂ ಉಂಟು. ಪುಸ್ತಕದ ಹಲಗೆ ಮಟ್ಟಕ್ಕಿರಬೇಕು, ಮೇಲಿನ ತೊಲೆ ಎರಡು ಇಂಚು ಓರೆ. ಆಗ ಹಲಗೆಯನ್ನು ತೊಲೆಯಿಂದ ಸಾಕಷ್ಟು ಕೆಳಗಿಳಿಸಿ. ದೂರ ಹೆಚ್ಚಿದಷ್ಟೂ ಓರೆ ಕಣ್ಣಿಗೆ ಬೀಳುವುದು ಕಡಿಮೆ. ಆಣಿ ಹೊಡೆಯುವ ಮೊದಲು ಬಣ್ಣದ ಟೇಪನ್ನು ಗೋಡೆಗೆ ಅಂಟಿಸಿ ಒಂದು ದಿನ ಓಡಾಡುತ್ತಾ ನೋಡಿ.

6. ಹಿಡಿಯುವ ಬಾಗಿಲು

ಅತಿ ಹೆಚ್ಚು ಪತ್ರ ಬರುವುದು ಇದರ ಬಗ್ಗೆ. ಅತಿ ಹೆಚ್ಚು ತಪ್ಪಾಗುವುದೂ ಇಲ್ಲೇ. ಬಾಗಿಲು ಹಿಡಿದ ಕೂಡಲೇ ಜನ ಉಜ್ಜುಗೊರಡು ಕೈಗೆ ತೆಗೆದುಕೊಳ್ಳುತ್ತಾರೆ. ಹೆರೆದ ಮರ ವಾಪಸು ಬರುವುದಿಲ್ಲ. ಅದನ್ನು ಕೊನೆಗಿಡಿ.

ಮೊದಲು ಎಲ್ಲಿ ತಾಗುತ್ತದೆ ಎಂದು ಹುಡುಕಿ. ಬಾಗಿಲಿನ ಅಂಚಿಗೆ ಸೀಮೆಸುಣ್ಣ ಬಳಿದು ಒಂದೆರಡು ಸಲ ಮುಚ್ಚಿ ತೆರೆಯಿರಿ. ಚೌಕಟ್ಟಿನ ಮೇಲೆ ಬಿಳಿ ಎಲ್ಲಿ ಹತ್ತಿದೆಯೋ ಅಲ್ಲಿ ತಾಗುತ್ತಿದೆ. ಆಮೇಲೆ ಹಿಡಿಕೆಯನ್ನು ಹಿಡಿದು ಬಾಗಿಲನ್ನು ಮೆಲ್ಲಗೆ ಮೇಲಕ್ಕೆತ್ತಿ ನೋಡಿ. ಮೇಲಿನ ಹಿಂಜಿನಲ್ಲಿ ಲಟಕ್ ಎಂದು ಆಡಿದರೆ ಕಾರಣ ಸಿಕ್ಕಿತು: ಬಾಗಿಲಿನ ಭಾರಕ್ಕೆ ಮೇಲಿನ ಸ್ಕ್ರೂಗಳು ಸಡಿಲವಾಗಿ ಬಾಗಿಲು ಜೋತಿದೆ. ಹಾಗಾದಾಗ ಚಿಲಕದ ಬದಿಯ ಮೇಲ್ಭಾಗ ಚೌಕಟ್ಟಿಗೆ ತಾಗುತ್ತದೆ, ಅದೇ ಬದಿಯ ಕೆಳಮೂಲೆ ನೆಲ ಕೆರೆಯುತ್ತದೆ.

ಈ ಕ್ರಮದಲ್ಲಿ ಹೋಗಿ:

- ಸ್ಕ್ರೂ ಬಿಗಿ ಮಾಡಿ. ಎಷ್ಟೋ ಬಾಗಿಲುಗಳ ರೋಗ ಇಷ್ಟಕ್ಕೇ ವಾಸಿಯಾಗುತ್ತದೆ.
- ತೂತು ಸವೆದು ಸ್ಕ್ರೂ ಸುಮ್ನೆ ತಿರುಗುತ್ತಿದ್ದರೆ, ತೂತಿಗೆ ಮರದ ಅಂಟು ಸವರಿ, ಮದ್ದಿಲ್ಲದ ಬೆಂಕಿಕಡ್ಡಿಗಳನ್ನು ಬಿಗಿಯಾಗಿ ತುಂಬಿ, ಅಂಚಿಗೆ ಕತ್ತರಿಸಿ. ಅಂಟು ಒಣಗಿದ ಮೇಲೆ ಸ್ಕ್ರೂ ಹಾಕಿ.
- ಆಗಲೂ ನಿಲ್ಲದಿದ್ದರೆ ಮೇಲಿನ ಹಿಂಜಿನ ಒಂದು ಸ್ಕ್ರೂ ಬದಲು ಸುಮಾರು 75 ಮಿಲಿಮೀಟರ್ ಉದ್ದದ್ದನ್ನು ಹಾಕಿ. ಚೌಕಟ್ಟಿನ ಆಳದ ಗಟ್ಟಿ ಮರವನ್ನು ಅದು ಹಿಡಿದುಕೊಂಡು ಬಾಗಿಲನ್ನು ಒಳಕ್ಕೆ ಎಳೆಯುತ್ತದೆ. ಚೌಕಟ್ಟು ತೆಳುವಾಗಿದ್ದರೆ ಅಷ್ಟು ಉದ್ದ ಬೇಡ.
- ಚಿಲಕದ ಬದಿಯ ಕೆಳಮೂಲೆ ಇನ್ನೂ ನೆಲ ಕೆರೆಯುತ್ತಿದ್ದರೆ, ಕೆಳಗಿನ ಹಿಂಜಿನ ಹಿಂದೆ ತೆಳು ರಟ್ಟಿನ ತುಂಡು ಕೊಡಿ. ಚಿಲಕದ ಬದಿ ತುಸು ಮೇಲೇಳುತ್ತದೆ.
- ಇಷ್ಟೆಲ್ಲ ಆದ ಮೇಲೂ ತಾಗಿದರೆ ಮಾತ್ರ ಗುರುತಿದ್ದಷ್ಟು ಜಾಗದಲ್ಲಿ ಹೆರೆಯಿರಿ.

ಹೆರೆಯುವುದಾದರೆ ಒಂದು ಎಚ್ಚರಿಕೆ. ಮರ ತೇವದ ಕಾಲದಲ್ಲಿ ಉಬ್ಬುತ್ತದೆ. ಮಳೆಯಲ್ಲಿ ಸಲೀಸಾಗಿ ಆಡುವಷ್ಟು ಹೆರೆದರೆ ಒಣ ಕಾಲದಲ್ಲಿ ಸಂದಿನಿಂದ ಆಚೆಯ ಬೆಳಕು ಕಾಣುತ್ತದೆ. ವರ್ಷದಲ್ಲಿ ಕೆಲವೇ ವಾರ ಹಿಡಿಯುವ ಬಾಗಿಲಿಗೆ ಮೇಣ ಉಜ್ಜಿದರೆ ಸಾಕು. ಹೆರೆದರೆ ಸುತ್ತ ಸುಮಾರು 3 ಮಿಲಿಮೀಟರ್ ಸಂದು ಉಳಿಯಲಿ, ಹೆರೆದ ಅಂಚಿಗೆ ಅದೇ ದಿನ ಬಣ್ಣವೋ ವಾರ್ನಿಶ್ಶೋ ಬಳಿಯಿರಿ. ಬಾಗಿಲಿನ ತಲೆ ಮತ್ತು ಬುಡದ ಅಂಚಿಗೂ ಬಳಿಯಿರಿ. ಯಾರ ಕಣ್ಣಿಗೂ ಬೀಳದ ಆ ಬರಿ ಅಂಚುಗಳೇ ತೇವ ಕುಡಿಯುವುದು.

ಬಾಗಿಲನ್ನು ಕಳಚಬೇಕಾದರೆ ಒಬ್ಬರೇ ಕೈ ಹಾಕಬೇಡಿ. ಗಟ್ಟಿ ಮರದ ಹಳೇ ಬಾಗಿಲು 40 ಕಿಲೋ ತೂಗಬಹುದು. ಅಡಿಗೆ ಎರಡು ಕಡೆ ಬೆಣೆ ಕೊಟ್ಟು ಭಾರ ಹೊರಿಸಿ, ಕೆಳಗಿನ ಹಿಂಜನ್ನು ಮೊದಲು, ಮೇಲಿನದನ್ನು ಕೊನೆಗೆ ಬಿಚ್ಚಿ. ಉಲ್ಟಾ ಮಾಡಿದರೆ ಬಾಗಿಲಿನ ತಲೆ ನಿಮ್ಮ ಮೇಲೆ ವಾಲುತ್ತದೆ.

ತಾನಾಗೇ ತೆರೆದುಕೊಳ್ಳುವ, ಮುಚ್ಚಿಕೊಳ್ಳುವ ಬಾಗಿಲಿನ ಕಥೆ ಬೇರೆ. ಅಲ್ಲಿ ಚೌಕಟ್ಟು ತೂಕಕ್ಕಿಲ್ಲ. ಚೌಕಟ್ಟು ಕೀಳುವ ಯೋಚನೆ ಬಿಡಿ. ಹಿಂಜಿನ ನಡುಕಡ್ಡಿ ಹೊರಗೆ ಬರುವಂಥದ್ದಾದರೆ ಒಂದನ್ನು ತೆಗೆದು, ಗಟ್ಟಿ ನೆಲದ ಮೇಲಿಟ್ಟು ನಡುವೆ ಸುತ್ತಿಗೆಯಿಂದ ಒಂದು ಸಣ್ಣ ಏಟು ಕೊಡಿ. ಕೂದಲಿನಷ್ಟು ಬಾಗಿದರೆ ಸಾಕು. ವಾಪಸು ಬಡಿದು ಕೂರಿಸಿದರೆ ಆ ಬಿಗಿತಕ್ಕೆ ಬಾಗಿಲು ನಿಲ್ಲಿಸಿದಲ್ಲಿ ನಿಲ್ಲುತ್ತದೆ.

7. ನೇರ ಹಲಗೆಯನ್ನು ಓರೆ ಗೋಡೆಗೆ ಕೂರಿಸುವುದು

ಇದೊಂದು ಕಲಿತರೆ ಹಳೇ ಮನೆಯ ಮುಕ್ಕಾಲು ಮರಗೆಲಸ ಬಂದಂತೆ. ಗೋಡೆಯ ಉಬ್ಬುತಗ್ಗನ್ನು ಹಲಗೆಯ ಅಂಚಿಗೆ ಇಳಿಸಿಕೊಂಡು ಆ ಗೆರೆಗೆ ಕತ್ತರಿಸುವುದು, ಅಷ್ಟೇ.

ಹಲಗೆಯನ್ನು ಅದು ಕೂರಬೇಕಾದ ಮಟ್ಟದಲ್ಲಿ ಗೋಡೆಗೆ ತಾಗಿಸಿ, ಅಲ್ಲಾಡದಂತೆ ನಿಲ್ಲಿಸಿ. ಎಲ್ಲೋ ಒಂದು ಕಡೆ ತಾಗಿ, ಉಳಿದ ಕಡೆ ಸಂದು ಇರುತ್ತದೆ. ಅತಿ ದೊಡ್ಡ ಸಂದು ಎಷ್ಟಿದೆಯೋ ಅದಕ್ಕಿಂತ ತುಸು ಜಾಸ್ತಿ ಅಗಲಕ್ಕೆ ಕೈವಾರ ತೆರೆಯಿರಿ. ಮುಳ್ಳಿನ ತುದಿ ಗೋಡೆಗೆ, ಪೆನ್ಸಿಲಿನ ತುದಿ ಹಲಗೆಗೆ. ಕೈವಾರದ ಅಗಲ ಬದಲಾಗದಂತೆ, ಅದು ಎತ್ತಲೂ ವಾಲದಂತೆ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಗೋಡೆಯ ಪ್ರತಿ ಉಬ್ಬೂ ಹಲಗೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆಗೆ ಒಂದು ಕೂದಲು ಹೊರಗೆ ಕತ್ತರಿಸಿ, ಉಪ್ಪುಕಾಗದದಿಂದ ಗೆರೆವರೆಗೆ ತಂದು ನಿಲ್ಲಿಸಿ. ಗರಗಸವನ್ನು ಹಲಗೆಯ ಕೆಳಮೈಯತ್ತ ತುಸು ಒಳಕ್ಕೆ ವಾಲಿಸಿದರೆ ಕಾಣುವ ಮೇಲಂಚು ಮಾತ್ರ ಗೋಡೆಗೆ ತಾಗುತ್ತದೆ, ಕೂರಿಸುವುದು ಸಲೀಸು.

ಹಲಗೆ ಸಾಕಷ್ಟು ಅಗಲ ಇರಲಿ, ಗೆರೆ ಒಳಗೆ ಬಂದಷ್ಟು ಅಗಲ ಕಡಿಮೆಯಾಗುತ್ತದೆ. ಎರಡೂ ಬದಿ ಗೋಡೆ ಇರುವ ಗೂಡಿಗಾದರೆ ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ. ಇಡೀ ರಟ್ಟು ಹೊಂದದಿದ್ದರೆ ಸಣ್ಣ ರಟ್ಟಿನ ಚೂರುಗಳನ್ನು ಒಂದೊಂದೇ ಅಂಚಿಗೆ ತಾಗಿಸಿ ಟೇಪಿನಿಂದ ಜೋಡಿಸಿಕೊಳ್ಳಿ. ರಟ್ಟು ಹಗುರ, ಮಂಡಿಯೂರಿ ಹಲಗೆ ಎತ್ತಿ ಇಳಿಸುವ ಕಷ್ಟ ಇಲ್ಲ. ಹಲಗೆಯನ್ನು ಮೇಜಿನ ಮೇಲಿಟ್ಟು ಒಂದೇ ಸಲ ಕತ್ತರಿಸಿದರಾಯಿತು.

ಪಟ್ಟಿಗಳು ಸೇರುವ ಮೂಲೆ 90 ಡಿಗ್ರಿ ಇರದಿದ್ದಾಗ ಎರಡನ್ನೂ 45ಕ್ಕೆ ಕತ್ತರಿಸಿದರೆ ಬಾಯಿ ಬಿಡುತ್ತದೆ. 94 ಡಿಗ್ರಿಯ ಮೂಲೆಗೆ ತಲಾ 47 ಬೇಕು. ಕೋನ ಅಳೆಯುವ ಸಾಧನ ಇಲ್ಲದಿದ್ದರೆ ಮೂಲೆಯ ಆಕಾರವನ್ನು ಕಾಗದದ ಮೇಲೆ ಗುರುತಿಸಿ ಕತ್ತರಿಸಿ, ಎರಡು ಅಂಚು ಒಂದಾಗುವಂತೆ ಮಡಚಿ. ಮಡಿಕೆಯ ಗೆರೆಯೇ ನಿಮ್ಮ ಕತ್ತರಿಸುವ ಕೋನ.

8. ಗೋಡೆಗೆ ತೂತು, ಬಚ್ಚಲಿನ ಹಿಡಿಕಂಬಿ

ಹಳೇ ಮನೆಯಲ್ಲಿ ವೈರು ಎಲ್ಲಿ ಹೋಗಿದೆ ಎಂಬುದಕ್ಕೆ ನಿಯಮವೇ ಇರುವುದಿಲ್ಲ. ಸ್ವಿಚ್ಚಿನಿಂದ ಅಡ್ಡಕ್ಕೂ ಹೋಗಿರುತ್ತದೆ, ಓರೆಗೂ ಹೋಗಿರುತ್ತದೆ. ಬ್ಯಾಟರಿ ಡ್ರಿಲ್ ಕೊಳ್ಳಿ ಅಂದದ್ದು ಇದಕ್ಕೂ ಸೇರಿ: ಮೇನ್ ಸ್ವಿಚ್ ಆರಿಸಿ ಕೊರೆಯಬಹುದು. ಮನೆಗೆ 30 ಮಿಲಿಆಂಪಿಯರಿನ ಸೋರಿಕೆ ತಡೆ (ಕರೆಂಟು ಮೈಗೋ ನೆಲಕ್ಕೋ ಹರಿದರೆ ತಾನೇ ಆರುವ ಸ್ವಿಚ್) ಇಲ್ಲದಿದ್ದರೆ ಎಲ್ಲ ರಿಪೇರಿಗಿಂತ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಹಾಕಿಸಿ.

ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಡಬಡಬ ಎಂದರೆ ಗಾರೆ ಗೋಡೆ ಬಿಟ್ಟಿದೆ, ಅಲ್ಲಿ ಏನನ್ನೂ ನೇತುಹಾಕಬೇಡಿ. ಮೆತ್ತಗಿನ ಹಳೇ ಇಟ್ಟಿಗೆಗೆ ಡ್ರಿಲ್ಲಿನ ಬಡಿಯುವ ಗುಂಡಿ ಒತ್ತದೆ ಬರೀ ತಿರುಗಿಸಿ ಕೊರೆಯಿರಿ. ಬಡಿದರೆ ತೂತು ಬಾಯಿ ಅಗಲವಾಗಿ ಪ್ಲಗ್ಗು (ಸ್ಕ್ರೂ ಹಿಡಿದುಕೊಳ್ಳಲು ತೂತಿಗೆ ತೂರಿಸುವ ಪ್ಲಾಸ್ಟಿಕ್ ಕೊಳವೆ) ಕೈಯಲ್ಲೇ ಬರುತ್ತದೆ. ಭಾರ ಹೊರುವ ಸ್ಕ್ರೂ ಸಂದಿನ ಗಾರೆಗೆ ಹೋಗದೆ ಇಟ್ಟಿಗೆಯ ನಡುವಿಗೆ ಹೋಗಲಿ.

ಬಚ್ಚಲಿನ ಹಿಡಿಕಂಬಿಯ ಮಾತು ಬೇರೆ. ಅದು ಹಿಡಿಯಬೇಕಾದದ್ದು ಟವೆಲ್ಲಿನ ಭಾರವನ್ನಲ್ಲ, ಜಾರಿ ಬೀಳುತ್ತಿರುವ ಮನುಷ್ಯನನ್ನು. ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಎತ್ತರಕ್ಕೆ ಹಾಕುತ್ತಾರೆ, ಆದರೆ ನಿಮ್ಮ ಕೈಗೆ ಎಲ್ಲಿ ಸಿಗುತ್ತದೆ ಎಂದು ನಿಂತು, ಕೂತು ನೋಡಿ ಗುರುತು ಮಾಡಿ. ಪುಡಿಯಾಗುವ ಗೋಡೆಗೆ ಸಾದಾ ಪ್ಲಗ್ಗು ಸಾಲದು. ಗೋಡೆಯ ಆಚೆ ಬದಿಗೆ ಲೋಹದ ಪಟ್ಟಿ ಕೊಟ್ಟು ಬೋಲ್ಟು ಬಿಗಿಸಬೇಕು, ಇಲ್ಲವೇ ತೂತಿನೊಳಗೆ ಗಟ್ಟಿಯಾಗುವ ರಾಸಾಯನಿಕ ಅಂಟು ತುಂಬಿ ಬೋಲ್ಟು ಕೂರಿಸಬೇಕು. ಇದನ್ನು ಅನುಭವ ಇರುವವರಿಂದ ಮಾಡಿಸುವುದೇ ಮೇಲು. ಬಳಸುವ ಮೊದಲು ನಿಮಗಿಂತ ಭಾರದವರೊಬ್ಬರು ಮೈಭಾರ ಬಿಟ್ಟು ಜಗ್ಗಿ ನೋಡಲಿ. ಗಾಳಿ ಎಳೆದು ಅಂಟಿಕೊಳ್ಳುವ ಹಿಡಿಕೆಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

9. ಗಾರೆ ಮತ್ತು ಬಣ್ಣ

ಸುಣ್ಣದಲ್ಲೋ ಮಣ್ಣಿನಲ್ಲೋ ಕಟ್ಟಿದ ಗೋಡೆಗೆ ಸಿಮೆಂಟ್ ತೇಪೆ ಹಾಕಬೇಡಿ. ಹಳೇ ಗೋಡೆ ತೇವ ಎಳೆದುಕೊಂಡು ಮತ್ತೆ ಗಾಳಿಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಸಿಕ್ಕಿ ಪಕ್ಕದಲ್ಲಿ ಗಾರೆ ಉದುರತೊಡಗುತ್ತದೆ. ಸಿಮೆಂಟ್ ಗೋಡೆಗಿಂತ ಗಟ್ಟಿ ಕೂಡ, ಹಾಗಾಗಿ ಮನೆ ತುಸು ಅಲುಗಿದಾಗ ಒಡೆಯುವುದು ಮೆತ್ತಗಿನ ಇಟ್ಟಿಗೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಮಾನ್ಯ ಅಳತೆ. ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ಒಂದು ಸಲಕ್ಕೆ ಸುಮಾರು 10 ಮಿಲಿಮೀಟರಿಗಿಂತ ದಪ್ಪ ಹಚ್ಚದೆ, ಕೆಲವು ದಿನ ನೀರು ಚಿಮುಕಿಸುತ್ತಾ ನಿಧಾನಕ್ಕೆ ಒಣಗಲು ಬಿಡಿ. ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕೈಗವಸು, ಕನ್ನಡಕ ಬಿಡಬೇಡಿ.

ಗೋಡೆ ತೂಕಕ್ಕಿಲ್ಲ ಎಂದು ದಪ್ಪ ಗಾರೆ ಬಳಿದು ಸರಿಮಾಡಲು ಹೋಗಬೇಡಿ. ಭಾರಕ್ಕೆ ಕಳಚಿ ಬೀಳುತ್ತದೆ.

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ ಹಾಗೇ ಉಜ್ಜಿದರೆ ಎದ್ದ ಧೂಳು ವಿಷ, ಮನೆಗೆ ಬಂದು ಹೋಗುವ ಮೊಮ್ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ನೀರು ಹಚ್ಚಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೆಲಸದ ಬಟ್ಟೆ ಬೇರೆ ಒಗೆಯಿರಿ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಅದರ ಮೇಲೇ ಹೊಸದು ಹೊಡೆಯುವುದು ಎಲ್ಲಕ್ಕಿಂತ ಕ್ಷೇಮ. ಹಳೇ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವ ಸಂಭವ ಇದೆ. ಅವನ್ನು ಕೊರೆಯುವುದು, ಕತ್ತರಿಸುವುದು, ಒಡೆಯುವುದು ಏನೂ ಬೇಡ.

ಇನ್ನು ಅಂದದ ಮಾತು. ಹೊಳಪಿನ ಬಣ್ಣ ಪ್ರತಿ ಉಬ್ಬುತಗ್ಗನ್ನೂ ತೋರಿಸುತ್ತದೆ, ಹೊಳಪಿಲ್ಲದ್ದು ಮುಚ್ಚುತ್ತದೆ. ಗೋಡೆಗೂ ಸೂರಿಗೂ ಎದ್ದು ಕಾಣುವ ಬೇರೆ ಬೇರೆ ಬಣ್ಣ ಹೊಡೆದರೆ ಅವು ಸೇರುವ ಸೊಟ್ಟ ಗೆರೆಯೇ ಮೊದಲು ಕಣ್ಣಿಗೆ ಬೀಳುವುದು.

10. ನೆಲ, ಹೊಸ್ತಿಲು

ಗೋಲಿ ಉರುಳುವ ನೆಲವನ್ನು ಸಮ ಮಾಡುವುದು ದೊಡ್ಡ ಕೆಲಸ, ಬಹಳ ಸಲ ಬೇಕಿಲ್ಲದ ಕೆಲಸ. ಮೇಜು ಕಪಾಟಿನ ಕಾಲಿಗೆ ಬೆಣೆ ಕೊಟ್ಟು ಮಟ್ಟ ಮಾಡಿ, ಎತ್ತರದ ಕಪಾಟನ್ನು ಗೋಡೆಗೆ ಕಟ್ಟಿ. ಮುಗ್ಗರಿಸುವ ಜಾಗಗಳನ್ನು ಮಾತ್ರ ಸರಿಮಾಡಲೇಬೇಕು: ಎದ್ದ ಕಲ್ಲು, ಒಂದು ಇಂಚಿನ ಏರುಪೇರು, ಎರಡು ಕೋಣೆಯ ನಡುವಿನ ಸಣ್ಣ ಹೊಸ್ತಿಲು. ದೊಡ್ಡ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ, ಸಣ್ಣದು ಕಾಣದೆ ಎಡವಿಸುತ್ತದೆ. ಒಂದು ಇಂಚು ಏರಿಗೆ 12 ಇಂಚು ಉದ್ದದ ಇಳಿಜಾರು ಹಲಗೆ ಮಾಡಿ ಕೂರಿಸಿದರೆ ಮುಂದೆ ಗಾಲಿಕುರ್ಚಿಗೂ ಆಗುತ್ತದೆ. ಅದಾಗದಿದ್ದರೆ ಅಂಚಿಗೆ ನೆಲಕ್ಕಿಂತ ಬೇರೆಯಾಗಿ ಕಾಣುವ ಬಣ್ಣದ ಪಟ್ಟಿ ಅಂಟಿಸಿ.

ಟೈಲ್ಸ್ ಹಾಕಿಸುವುದಾದರೆ ಗೋಡೆಯಿಂದ ಶುರು ಮಾಡಿಸಬೇಡಿ. ಕೋಣೆಯ ನಡುವೆ ಗೆರೆ ಹಾಕಿ, ಒಮ್ಮೆ ಗಾರೆ ಇಲ್ಲದೆ ಜೋಡಿಸಿ ನೋಡಲಿ. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದಾಗುವ ತುಂಡುಗಳು ಎಲ್ಲಾದರೂ ಬಂದೇ ಬರುತ್ತವೆ. ಅವು ಬಾಗಿಲಿನ ಎದುರು ಬಾರದೆ ಕಪಾಟಿನ ಅಡಿಗೆ ಹೋಗಲಿ.

11. ಬೇರೆಯವರಿಗೆ ಒಪ್ಪಿಸುವಾಗ

ಸೂರಿನ ಮೇಲಿನ ಕೆಲಸ, ಕರೆಂಟಿನ ಮುಖ್ಯ ವೈರು, ಗ್ಯಾಸ್, ಭಾರ ಹೊತ್ತ ಗೋಡೆ, ಬಾಗಿದ ತೊಲೆ: ಇವು ಎಷ್ಟೇ ಕೈಪಳಗಿದ್ದರೂ ನಿಮಗಲ್ಲ. ಆದರೆ ಕೆಲಸ ಕೊಟ್ಟು ಒಳಗೆ ಹೋಗಿ ಕೂರಬೇಡಿ. ಹೊಸ ಮನೆಗಳಲ್ಲಿ ಕೆಲಸ ಮಾಡಿ ರೂಢಿಯಾದವರು ಮಟ್ಟ ಇಟ್ಟು, ಗುಳ್ಳೆ ನಡುವೆ ತಂದು, ಇದೇ ಸರಿ ಎಂದು ವಾದಿಸುತ್ತಾರೆ. ಬಾಯಲ್ಲಿ ಹೇಳುವುದಕ್ಕಿಂತ ಅವರು ಬರುವ ಮೊದಲೇ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ, "ಈ ಗೆರೆಗೆ" ಎಂದು ಬರೆದಿಡಿ.

ಕೆಲಸ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬಣ್ಣದ ಹೆಸರು ಮತ್ತು ಸಂಖ್ಯೆ, ಸ್ಕ್ರೂಗಳ ಉದ್ದ, ಯಾವ ಸ್ವಿಚ್ಚು ಯಾವ ಕೋಣೆಯದು, ಬಿರುಕಿನ ಅಳತೆಗಳು, ಎಲ್ಲ ಬರೆದಿಡಿ. ಗೋಡೆ ಅಗೆದು ಪೈಪೋ ವೈರೋ ಹಾಕಿಸಿದರೆ ಮುಚ್ಚುವ ಮೊದಲು ಫೋಟೊ ತೆಗೆಯಿರಿ. ಫೋಟೊದಲ್ಲಿ ನೆಲದಿಂದ ಎತ್ತಿ ಹಿಡಿದ ಟೇಪೂ ಕಾಣಲಿ. ಎಷ್ಟು ಎತ್ತರದಲ್ಲಿ ತೂತು ಕೊರೆಯಬಾರದು ಎಂದು ಮುಂದೆ ಡ್ರಿಲ್ ಹಿಡಿಯುವವರಿಗೆ ಗೊತ್ತಾಗುತ್ತದೆ.